ಗುಂಡಿ ಒಂದೇ ಬಾಕಿ

ನಿಘಂಟು ಸಮಿತಿಯ ಮಾನ್ಯ ಸಂಪಾದಕರೇ,

ತಮ್ಮ ಎದೆ ಮೂವತ್ತೆಂಟು, ಸೊಂಟ ನಲವತ್ತೆರಡು ಎಂಬ ಸಂಗತಿಯನ್ನು ಇಂದಿನವರೆಗೆ ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದ ತಮ್ಮ ದರ್ಜಿಯ ನಮಸ್ಕಾರಗಳು.

ಬೀದಿಯ ಆಡುಮಾತುಗಳನ್ನೂ ಸೇರಿಸಿಕೊಂಡ ತಮ್ಮ ಹೊಸ ನಿಘಂಟು ಬಂದಿತೆಂದು ಮೊದಲು ಹಿಗ್ಗಿದವನು ನಾನೇ. ಕೋಟಿಗೆ ಬಟ್ಟೆ ಕೊಟ್ಟ ತಾವು ಐದು ತಿಂಗಳ ಕಾಲ ನಮ್ಮಂಗಡಿಯ ಬೆಂಚಿನ ಮೇಲೆ ಕಾಯುತ್ತ, ಚಿಕ್ಕ ಪುಸ್ತಕದಲ್ಲಿ ಏನೋ ಗೀಚುತ್ತಿದ್ದಾಗ, ಪಾಪ, ಮನೆಯವರು ಹೇಳಿ ಕಳಿಸಿದ ಸಾಮಾನಿನ ಪಟ್ಟಿ ಇರಬೇಕೆಂದು ನಾನೂ ಕತ್ತರಿ ಹಿಡಿಯುವ ನನ್ನ ಭಾಮೈದನೂ ಮರುಗಿದ್ದೆವು. ನಮ್ಮ ಬಾಯಿಂದ ಉದುರಿದ್ದನ್ನೆಲ್ಲ ತಾವು ಆರಿಸಿಕೊಳ್ಳುತ್ತಿದ್ದಿರೆಂದು ಈಗ ತಿಳಿಯಿತು.

ತಮ್ಮ ಕಿವಿಯನ್ನು ಮೆಚ್ಚಲೇಬೇಕು. ದಿನಾ ಬಂದು ಇಣುಕುವ ಗಿರಾಕಿ 'ಗುಬ್ಬಿ', ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವವನು 'ಉಸಿರುಗಳ್ಳ': ಒಂದಕ್ಷರವೂ ತಪ್ಪಿಲ್ಲ. ಆದರೆ 'ಗುಂಡಿ ಒಂದೇ ಬಾಕಿ' ಎಂಬ ಮಾತಿಗೆ 'ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ' ಎಂದು ಅರ್ಥ ಬರೆದು ನಮ್ಮ ಹೊಟ್ಟೆಯ ಮೇಲೆ ಹೊಡೆದಿದ್ದೀರಿ.

ಮೊನ್ನೆ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಯಜಮಾನರ ಪ್ಯಾಂಟು ಕೇಳಲು ಬಂದಾಗ ಅಭ್ಯಾಸಬಲದಿಂದ ಅದೇ ಮಾತು ಅಂದೆ. ಅವರು ಚೀಲದಿಂದ ತಮ್ಮ ನಿಘಂಟನ್ನು ತೆಗೆದು, "ಮಾಸ್ಟ್ರೇ, ನೂರ ಹನ್ನೆರಡನೇ ಪುಟ. ಎದ್ದು ನಿಂತ್ಕೊಂಡು ಗಟ್ಟಿಯಾಗಿ ಓದಿ" ಎಂದರು. ಓದಿದೆ. ಬೆಂಚಿನ ಮೇಲಿದ್ದ ಆರು ಗುಬ್ಬಿಗಳೂ ಕೇಳಿಸಿಕೊಂಡವು. ಸಂಜೆಯೊಳಗೆ ಐವರು ಬಟ್ಟೆ ವಾಪಸು ಒಯ್ದರು. ಎಲ್ಲವೂ ಅವರು ಮಡಚಿ ಕೊಟ್ಟಂತೆಯೇ ಇದ್ದುದರಿಂದ ಹುಡುಕುವ ಕಷ್ಟವೇನೂ ಆಗಲಿಲ್ಲ. ಆರನೆಯವರು ನನ್ನ ಮಾವನವರಾದ್ದರಿಂದ ಉಳಿದಿದ್ದಾರೆ, ಆದರೆ ಮಾತು ಬಿಟ್ಟಿದ್ದಾರೆ.

ಇದನ್ನೂ ಸಹಿಸಿಕೊಂಡೇನು. ಆ ಮಾತಿನ ಪಕ್ಕದಲ್ಲಿ 'ಹುಟ್ಟು ತಿಳಿಯದು' ಎಂದು ಬರೆದಿದ್ದೀರಲ್ಲ, ಅದರಿಂದ ಮಾತ್ರ ನನಗೆ ನಿಜವಾಗಿ ನೋವಾಗಿದೆ. ಅದನ್ನು ಹುಟ್ಟಿಸಿದವರು ನಮ್ಮಪ್ಪ. ಇದೇ ಮೆಷೀನಿನ ಹಿಂದೆ ಕುಳಿತು, ಆ ಒಂದು ಮಾತಿನ ಆಸರೆಯಿಂದ ಅವರು ಮೂವತ್ತು ವರ್ಷ ಅಂಗಡಿ ನಡೆಸಿದರು, ನಮ್ಮನ್ನೆಲ್ಲ ಸಾಕಿದರು.

ಆದ್ದರಿಂದ ತಾವು ದಯಮಾಡಿ ಮಾರಾಟವಾದ ಪ್ರತಿಗಳಿರುವ ಮನೆಗಳಿಗೆಲ್ಲ ಖುದ್ದಾಗಿ ಹೋಗಿ, ಆ ಪುಟದಲ್ಲಿ ನಮ್ಮಪ್ಪನ ಹೆಸರು ಸೇರಿಸಿ, ಅರ್ಥವನ್ನಷ್ಟೇ ಅಳಿಸಿ ಬರಬೇಕು; ಜೊತೆಗೆ ಇಡೀ ಸಮಿತಿ ಸಭೆ ಸೇರಿ, ಯಾರೂ ಕೇಳಿರದ ಮೂರು ಹೊಸ ನೆಪಗಳನ್ನು ನಮಗೆ ಬೇಗನೆ ಸಿದ್ಧಪಡಿಸಿ ಕೊಡಬೇಕು.

ಅಳತೆ ಪುಸ್ತಕ ಇನ್ನೂ ಕೈಯಲ್ಲೇ ಇರುವ ತಮ್ಮ ವಿಶ್ವಾಸಿ,
ಬಸ್ ನಿಲ್ದಾಣದೆದುರಿನ ದರ್ಜಿ

ವಿ.ಸೂ.: ಈ ಬೇಸರದಲ್ಲಿ ತಮ್ಮ ಕೋಟನ್ನು ನಾನು ಮರೆತಿಲ್ಲ. ಸಮಾಧಾನದಿಂದಿರಿ, ಗುಂಡಿ ಒಂದೇ ಬಾಕಿ.