ಎದುರುಪಕ್ಷದ ಆಟೋದಲ್ಲಿ ಬಂದ ಆಪಾ

ಶಿವಮೊಗ್ಗದ ಹೊಸಮನೆಯಲ್ಲಿರುವ ನಮ್ಮ ಉಚಿತ ಕಾನೂನು ನೆರವಿನ ಕೋಣೆಯಲ್ಲಿ, ಕಳೆದ ಬೇಸಿಗೆಯ ಒಂದು ಶನಿವಾರ, ಟೇಬಲ್ ಫ್ಯಾನು ಎಡಕ್ಕೆ ತಿರುಗಿ ಹಾಗೇ ನಿಂತುಬಿಟ್ಟಿತು. ಪ್ರಾಣಹಾನಿ ಸಂಭವಿಸಲಿಲ್ಲ. ಆದರೆ ಅಲ್ಲಿರುವುದು ಒಂದೇ ಮೇಜು. ಎಡಕ್ಕೆ ನಾನು ಕೂರುತ್ತೇನೆ, ಬಲಕ್ಕೆ ನನ್ನ ಜೊತೆಯ ವಕೀಲೆ. ಇಬ್ಬರೂ ಬಿಟ್ಟಿ ಕೆಲಸದವರಾದ್ದರಿಂದ ಗಾಳಿಯೊಂದೇ ನಮ್ಮ ಸಂಭಾವನೆ. ಅಂದು ಅದು ಪೂರ್ತಿ ನನ್ನ ಪಾಲಿಗೆ ಬಂದಿತ್ತು. ವಾರಕ್ಕೊಮ್ಮೆ ಬಾಗಿಲು ತೆರೆದು ಫೀಸು ಕೇಳದೆ ಕೂರುವ ಕಡೆ ಇಂಥ ಗಂಭೀರ ಘಟನೆಗಳು ನಡೆಯುತ್ತಲೇ ಇರುತ್ತವೆ. ಅಂದೇ ಶುರುವಾದ ಒಂದು ಪ್ರಕರಣದ ವರದಿ ಹೀಗಿದೆ.

ಗುಟ್ಟು

ಬಂದವರು ಭದ್ರಾವತಿಯ ಒಬ್ಬ ಟೈಲರ್. ಐವತ್ತರ ಆಸುಪಾಸು. ಬೀದಿಯವರೆಲ್ಲ ಆಪಾ, ಅಂದರೆ ಅಕ್ಕ, ಅನ್ನುತ್ತಾರೆ; ನಾವೂ ಹಾಗೇ ಅಂದೆವು. ಅವರದು ಓನರ್ ಮನೆಯ ಮುಂದಿನ ಬಾಡಿಗೆ ಕೋಣೆ. ಓನರಿಗೆ ಅಲ್ಲಿ ಮಗನಿಗೊಂದು ಮೊಬೈಲ್ ರಿಪೇರಿ ಅಂಗಡಿ ಹಾಕಿಸಿಕೊಡಬೇಕೆಂದಿತ್ತು. ಆಪಾ ಖಾಲಿ ಮಾಡಲಿಲ್ಲ. ಓನರು ಕೋಣೆಯ ಫ್ಯೂಸ್ ಕಿತ್ತಿಟ್ಟುಕೊಂಡರು. ಆಪಾರ ಹೊಲಿಗೆ ಮಿಷನ್ನಿಗೆ ಮೋಟಾರು; ಕರೆಂಟಿಲ್ಲದೆ ಅದು ಬರೀ ಮೇಜು.

"ಶಾಲೆ ಯೂನಿಫಾರ್ಮ್ ಆರ್ಡರ್ ಹಿಡ್ದಿದೀನಿ ವಕೀಲ್ ಸಾಬ್. ಶಾಲೆ ಶುರುವಾಗೋದ್ರೊಳಗೆ ಕೊಡ್ಬೇಕು. ಕೋಣೆ ಹೋದ್ರೆ ಆರ್ಡರ್ ಹೋಯ್ತು, ಆರ್ಡರ್ ಹೋದ್ರೆ ವರ್ಷದ ಊಟ ಹೋಯ್ತು."

"ಭದ್ರಾವತಿಯಲ್ಲೇ ವಕೀಲರು ಸಿಗ್ತಿದ್ರಲ್ಲ?"

"ಅಲ್ಲಿ ಹೇಳಿದ್ರೆ ಸಂಜೆಯೊಳಗೆ ಓನರ್ ಕಿವಿಗೆ ಬೀಳುತ್ತೆ. ಗುಟ್ಟಾಗಿರ್ಲಿ ಅಂತ ಇಷ್ಟು ದೂರ ಬಂದೆ."

ಅವರ ಮುಂದಾಲೋಚನೆಯನ್ನು ನಾನು ಮೆಚ್ಚಿದೆ. ಬಸ್ಸಿನಲ್ಲಿ ಬಂದಿರಾ ಎಂದು ವಿಚಾರಿಸಿದೆ.

"ಬಸ್ಸಲ್ಲಿ ಯಾಕೆ? ಓನರ್ ಆಟೋದಲ್ಲೇ ಬಂದೆ. ಶನಿವಾರ ಗಾಂಧಿ ಬಜಾರಿಗೆ ದಾರ, ಗುಂಡಿ ತರೋಕೆ ಅವ್ರೇ ಕರ್ಕೊಂಡ್ ಬರೋದು. ಹೊರಗೆ ಕಾಯ್ತಾ ಇದಾರೆ ನೋಡಿ."

ಕಿಟಕಿಯಿಂದ ನೋಡಿದೆ. ಆಟೋದಲ್ಲಿ ಪೇಪರ್ ಓದುತ್ತಿದ್ದ ಖಾಕಿ ಅಂಗಿಯ ಹಿರಿಯರು ತಲೆಯೆತ್ತಿ ನನಗೆ ನಮಸ್ಕಾರ ಮಾಡಿದರು.

ನೋಟೀಸು

ಕರೆಂಟು ಕಡಿದು ಬಾಡಿಗೆದಾರರನ್ನು ಎಬ್ಬಿಸುವಂತಿಲ್ಲ. ಆ ಅರ್ಥ ಬರುವಂತೆ ನಾನೊಂದು ನೋಟೀಸು ಕಳಿಸಿದೆ. ಮುಂದಿನ ಶನಿವಾರ ಓನರು ಅದೇ ನೋಟೀಸು ಹಿಡಿದು ಒಳಗೆ ಬಂದರು. ಹಿಂದೆಯೇ ಆಪಾ.

"ಸಾರ್, ಕನ್ನಡದಲ್ಲೇ ಇದೆ, ಆದ್ರೆ ಏನೂ ಅರ್ಥ ಆಗ್ಲಿಲ್ಲ. ಹೊಸಮನೆಗೆ ಹೋಗೋಣ ಬನ್ನಿ, ಅಲ್ಲಿ ಫ್ರೀಯಾಗಿ ಓದಿ ಹೇಳ್ತಾರೆ ಅಂತ ಆಪಾನೇ ಕರ್ಕೊಂಡ್ ಬಂದ್ರು."

ಜೊತೆಯ ವಕೀಲೆ ಒಂದು ಕಡತದಲ್ಲಿ ಮುಖ ಮುಚ್ಚಿಕೊಂಡರು. ನಾನು ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿದೆ. ಕಾನೂನುಬಾಹಿರ, ಅಮಾನವೀಯ, ದುರುದ್ದೇಶಪೂರಿತ ಎಂಬಲ್ಲೆಲ್ಲ ಓನರು ಸಂಗೀತ ಕೇಳುವವರಂತೆ ತಲೆದೂಗಿದರು. ಓದಿ ಮುಗಿಸಿದಾಗ ನೋಟೀಸನ್ನು ವಾಪಸು ಇಸಿದುಕೊಂಡರು.

"ಒಳ್ಳೆ ಖಡಕ್ಕಾಗಿ ಬರ್ದಿದಾರೆ. ಯಾರು ಸಾರ್ ಈ ವಕೀಲ್ರು? ನನ್ ಕೇಸಿಗೂ ಅವ್ರನ್ನೇ ಹಿಡಿಯೋಣ ಅಂತ."

ಗೌಪ್ಯತೆ

ನಾನು ಎದುರುಪಕ್ಷದವನು ಎಂದು ವಿವರಿಸಿದ ಮೇಲೆ ಓನರು ಬೇಸರವಿಲ್ಲದೆ ಕುರ್ಚಿಯನ್ನು ಒಂದು ಮೊಳ ಬಲಕ್ಕೆ, ವಕೀಲೆಯ ಕಡೆಗೆ, ಎಳೆದುಕೊಂಡರು. ಆಟೋ ಓಡಿಸಿ ಬದುಕುವವರು, ಬಿಟ್ಟಿ ವಕೀಲರಿಗೆ ಅವರೂ ಅರ್ಹರೇ. ಹೀಗೆ ವಾದಿ, ಪ್ರತಿವಾದಿ, ಇಬ್ಬರ ವಕೀಲರು ಎಲ್ಲರೂ ಒಂದೇ ಮೇಜಿಗೆ ಬಂದೆವು.

ನಾನು ಆಪಾರನ್ನು ಜಗಲಿಗೆ ಕರೆದೊಯ್ದು, ಮುಂದೆ ಕೋರ್ಟಿನಲ್ಲಿ ಏನು ಕೇಳಲಿದ್ದೇವೆ ಎಂದು ಪಿಸುದನಿಯಲ್ಲಿ ಹೇಳಿದೆ. ಇದರಲ್ಲಿ ಒಂದಕ್ಷರವೂ ಆಟೋದಲ್ಲಿ ಹೊರಬೀಳಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಅವರು ಒಪ್ಪಿದರು. ಮರುವಾರ ವಕೀಲೆ ನನ್ನ ಪ್ರತಿಯೊಂದು ಅಂಶಕ್ಕೂ ಉತ್ತರ ತಯಾರಿಸಿಕೊಂಡು ಕೂತಿದ್ದರು. ನಾನು ಆಪಾರ ಮುಖ ನೋಡಿದೆ.

"ಅರ್ಧ ದಾರಿ, ಮಾಚೇನಹಳ್ಳಿವರೆಗೂ ಬಾಯಿ ಬಿಡ್ಲಿಲ್ಲ ಸಾಬ್, ಆಣೆಗೂ. ಮಾತಾಡ್ತಾ ಇಲ್ವಲ್ಲ, ಹುಷಾರಿಲ್ವೇನೋ ಅಂತ ಅಣ್ಣ ಹೆದರ್ಕೊಂಡು ಗಾಡಿ ನಿಲ್ಸಿ ಎಳನೀರು ಕುಡಿಸಿದ್ರು. ಎಳನೀರು ಕುಡಿದ ಮೇಲೂ ಹೇಳ್ದೆ ಇರೋಕಾಗುತ್ತಾ?"

ರಾಜಿ

ಶಾಲೆ ಶುರುವಾಗಲು ಸ್ವಲ್ಪವೇ ದಿನ ಉಳಿದಿತ್ತು. ಯೂನಿಫಾರ್ಮಿನ ಬಟ್ಟೆ ಕತ್ತರಿಸಿಟ್ಟ ಹಾಗೇ ರಾಶಿ ಬಿದ್ದಿತ್ತು. ನಾನು ಕೋರ್ಟಿಗೆ ಹಾಕಲು ಅರ್ಜಿ ಸಿದ್ಧ ಮಾಡಿಕೊಂಡು ಕಾದೆ. ಇಬ್ಬರೂ ತಡವಾಗಿ ಬಂದರು.

"ಎಲ್ಲಾ ಆಟೋದಲ್ಲೇ ಇತ್ಯರ್ಥ ಆಯ್ತು," ಅಂದರು ಓನರು. "ಮಧ್ಯೆ ಒಂದು ಪ್ಲೈವುಡ್ ಹೊಡೀತೀವಿ. ರಸ್ತೆ ಕಡೆ ಮಗ ಕೂರ್ತಾನೆ, ಒಳಗೆ ಆಪಾ. ಬರ್ಕೊಡಿ."

ಇಷ್ಟು ಬೇಗ ಹೇಗೆ ಎಂದು ವಕೀಲೆ ಕೇಳಿದರು.

"ನನ್ ಮೊಮ್ಮಗಳ ಯೂನಿಫಾರ್ಮೂ ಅದೇ ರಾಶಿಯಲ್ಲಿದೆ ಮೇಡಂ. ನಿನ್ನೆ ಗೊತ್ತಾಯ್ತು. ಆವಾಗಿಂದ ಸೊಸೆ ನನ್ ಜೊತೆ ಮಾತಾಡ್ತಿಲ್ಲ."

ನಾವು ಬರೆಯಲು ಕೂತೆವು. ಬಾಡಿಗೆ, ಅವಧಿ, ಕರೆಂಟು ಎಲ್ಲ ಸಲೀಸಾಗಿ ಮುಗಿಯಿತು. ಆಗ ನನಗೊಂದು ಯೋಚನೆ ಬಂತು: ಕರಾರು ಮುಗಿದ ದಿನ ಪ್ಲೈವುಡ್ ಯಾರದ್ದು? ಖರ್ಚಿನಲ್ಲಿ ಅರ್ಧ ಆಪಾರದು, ಆದ್ದರಿಂದ ಅರ್ಧ ಪ್ಲೈವುಡ್ಡೂ ಅವರದೇ ಎಂದೆ. ಗೋಡೆಗೆ ಮೊಳೆ ಹೊಡೆದದ್ದೆಲ್ಲ ಕಟ್ಟಡಕ್ಕೆ ಸೇರಿತು ಎಂದರು ವಕೀಲೆ. ನಾನು ಒಂದು ತೀರ್ಪು ಹೇಳಿದೆ, ಅವರು ಎರಡು ಹೇಳಿದರು. ಇಬ್ಬರ ದನಿಯೂ ಏರಿತು. ಈ ಪ್ರಕರಣದಲ್ಲಿ ನಿಜವಾದ ಜಗಳ ಶುರುವಾದದ್ದು ಆಗಲೇ.

ಕಕ್ಷಿದಾರರು ಚಹಾಕ್ಕೆ ಹೋದರು. ಚಹಾ ಕುಡಿದು, ಗಾಂಧಿ ಬಜಾರಿಗೂ ಹೋಗಿ ದಾರ ತಂದರು. ನಾವಿನ್ನೂ ಪ್ಲೈವುಡ್ಡಿನಲ್ಲೇ ಇದ್ದೆವು; ಆ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ವಕೀಲ್ರೇ," ಅಂದರು ಓನರು ಮೆಲ್ಲಗೆ, "ಪ್ಲೈವುಡ್ ಇನ್ನೂ ತಂದೇ ಇಲ್ಲ ಮಾರಾಯ್ರೆ."

ಆಪಾ ನಮ್ಮಿಬ್ಬರನ್ನೂ ಕನಿಕರದಿಂದ ನೋಡಿದರು.

"ಸುಮ್ನಿರಿ ಅಣ್ಣ. ಪಾಪ, ಇವ್ರಿಗೂ ಯಾರಾದ್ರೂ ಫ್ರೀ ವಕೀಲ್ರು ಸಿಗ್ತಾರಾ ವಿಚಾರ್ಸೋಣ."

ಪ್ಲೈವುಡ್ಡಿನ ಷರತ್ತನ್ನು ಕೈಬಿಡಲಾಯಿತು. ಇಬ್ಬರೂ ಸಹಿ ಹಾಕಿದರು. ಅಂದು ಸಂಜೆಯೇ ಕೋಣೆಗೆ ಕರೆಂಟ್ ಬಂತು. ಶಾಲೆ ಶುರುವಾಗುವ ಹಿಂದಿನ ದಿನ ಯೂನಿಫಾರ್ಮುಗಳು ತಲುಪಿದವು.