ಅಬಿಡ್ಸಿನ ಟ್ರ್ಯಾಕ್ಟರ್ ಯಂತ್ರದ ಸನ್ನಿಧಿಗೆ, ಬಂಡೆಮ್ಮನ ಪಾಳಿಯ ವಿಚಾರವಾಗಿ

ಹೈದರಾಬಾದಿನ ಅಬಿಡ್ಸ್ ಪೇಟೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಗಾಜಿನ ಬಾಗಿಲ ಹಿಂದೆ, ಏಸಿಯ ತಂಪಿನಲ್ಲಿ ವಿರಾಜಮಾನರಾಗಿರುವ, ಗಾಲಿಯಿಲ್ಲದ, ಎಂಜಿನ್ನಿಲ್ಲದ, ಹೊಗೆ ಬಿಡದ, ಪರದೆಯ ಮೇಲಷ್ಟೇ ಹೊಲ ತೋರಿಸುವ, ಆದರೂ ಟ್ರ್ಯಾಕ್ಟರ್ ಎಂಬ ಬಿರುದು ಹೊತ್ತಿರುವ ಪರೀಕ್ಷಾ ಯಂತ್ರದವರೇ,

ಮಾನ್ಯರೇ, ಲಿಂಗಂಪಲ್ಲಿಯ ಕೂಲಿ ಅಡ್ಡೆಯಿಂದ ಕನ್ನಡ ಕಟ್ಟಡ ಕಾರ್ಮಿಕರ ಸಂಘದ ಶರಣು ಶರಣಾರ್ಥಿ.

ಕೊಟ್ಟ ಮಾತು, ತಪ್ಪಿದ ಮಾತು ಎರಡನ್ನೂ ಮೊದಲೇ ಹೇಳಿಬಿಡುತ್ತೇವೆ. ಕೆನಡಾದ ಗೋಧಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವ ಕೆಲಸವಿದೆ, ತಮ್ಮ ಮೇಲೆ ಕೂತು ಓಡಿಸಿ ತೋರಿಸಿದರೆ ಸಾಕು ಎಂದು ತಮ್ಮ ಏಜೆನ್ಸಿಯವರು ನಮ್ಮ ಅಡ್ಡೆಗೇ ಬಂದು ಮೈಕಿನಲ್ಲಿ ಕೂಗಿದರು. ಪರೀಕ್ಷೆ ಕನ್ನಡದಲ್ಲಿ ಎಂದರು. ತಾವು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸಿದಿರಿ, ಮ್ಯಾನೇಜರ್ ಸೂರ್ಯನಾರಾಯಣ ಅವರು ತೆಲುಗಿನಲ್ಲಿ ಬೈದರು. ಹೆಣ್ಣು ಗಂಡು ಭೇದವಿಲ್ಲ ಎಂದರು. ಹೆಣ್ಣಿನ ಪಾಳಿಯನ್ನು ಎಲ್ಲರ ಕೊನೆಗಿಟ್ಟರು. ಪ್ರತಿಯೊಬ್ಬರಿಗೂ ಒಂದು ಪಾಳಿ ಎಂದರು, ಬಂಡೆಮ್ಮನಿಗೆ ಕೊಡಲಿಲ್ಲ. ಕೊಡದೆಯೇ ಅವಳ ಹೆಸರಿನ ಮುಂದೆ ನಾಪಾಸು ಎಂದು ಬರೆದರು. ಹತ್ತದ ಟ್ರ್ಯಾಕ್ಟರನ್ನು ಕೆಟ್ಟದಾಗಿ ಓಡಿಸಿದ ಜಗತ್ತಿನ ಮೊದಲ ಚಾಲಕಿ ನಮ್ಮವಳೇ ಎಂಬ ಹೆಮ್ಮೆಯಿಂದ ಈ ಪತ್ರ ಬರೆಯುತ್ತಿದ್ದೇವೆ.

ಬಂಡೆಮ್ಮ ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ, ಏಕೆಂದರೆ ಆಕೆಯ ಭಾರ ತಮ್ಮ ಸೀಟಿಗೆ ಇನ್ನೂ ಬಿದ್ದಿಲ್ಲ. ಯಾದಗಿರಿ ಕಡೆಯವಳು. ಊರಲ್ಲಿ ಬಿತ್ತುವಾಗ ಕೂರಿಗೆಯ ಹಿಂದೆ ನಡೆದು ಬೀಜ ಬಿಡುವ ಕೈ ಅವಳದು. ನೇಗಿಲ ಮೇಳಿ ಹಿಡಿಯಲು ಹೋದರೆ ಹೆಂಗಸು ಮುಟ್ಟಿದರೆ ಮಳೆ ಬರುವುದಿಲ್ಲವೆಂದು ಓಡಿಸುತ್ತಿದ್ದರು. ಹೈದರಾಬಾದಿಗೆ ಬಂದು ಇಟ್ಟಿಗೆ ಹೊರುತ್ತ ಹೊರುತ್ತ, ಸೈಟಿನ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರನ್ನು ಡ್ರೈವರ್ ಉಣ್ಣಲು ಹೋದಾಗೆಲ್ಲ ಹತ್ತಿ ಕಲಿತಳು. ಈಗ ಸೈಟಿನ ಗಂಡಸರೇ ರಿವರ್ಸ್ ತೆಗೆಯಲು ಅವಳನ್ನು ಕರೆಯುತ್ತಾರೆ, ಆದರೆ ಪಗಾರ ಮಾತ್ರ ಇಟ್ಟಿಗೆಯದು. ಹೊಲದಲ್ಲಿ, ಸೀಟಿನ ಮೇಲೆ, ಸ್ಟಿಯರಿಂಗ್ ಹಿಡಿದು ಕೂರಬೇಕು. ಅದು ಯಾವ ದೇಶದ ಹೊಲವಾದರೂ ಸರಿ. ಇಷ್ಟೇ ಅವಳ ಬೇಡಿಕೆ.

ಇನ್ನು ತಮ್ಮ ಸನ್ನಿಧಿಯಲ್ಲಿ ಸೋಮವಾರ ನಡೆದದ್ದು. ತಾವು ಯಂತ್ರ, ತಮಗೆ ವಾರಗಳ ಪರಿವೆ ಇಲ್ಲ, ನಮ್ಮವರಿಗೆ ಇದೆ. ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎಂಟು ಮಂದಿ ಸಾಲಾಗಿ ನಿಂತಿರುವಾಗ ಹಿರಿಯ ಬೂದೆಪ್ಪ ತಮ್ಮ ಪರದೆಯ ಮೇಲೆ ನೇಗಿಲ ಚಿತ್ರ ಕಂಡವನೇ ಹೌಹಾರಿ, "ಎತ್ತ ಇರಲಿ ಯಂತ್ರ ಇರಲಿ, ಹೂಡೂದು ಹೂಡೂದ ಅಲ್ಲೇನ್ರಿ? ಹೊಸಾ ಸೀಮಿ, ಮೊದಲನೇ ಸಾಲು, ಅದೂ ಸೋಮವಾರ! ನಾ ಒಲ್ಲೆ" ಎಂದು ಕೈಕಟ್ಟಿ ನಿಂತುಬಿಟ್ಟ. ಉಳಿದ ಆರು ಗಂಡಸರೂ ಕೈಕಟ್ಟಿದರು. ಕೊನೆಗೆ ಒಪ್ಪಂದವಾಯಿತು: ಹೂಡುವುದು ಬೇಡ, ನೇಗಿಲು ಎತ್ತಿಕೊಂಡು ಬರೀ ಹೊಲ ಸುತ್ತಿ ಬರೋಣ. ಬಂಡೆಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎತ್ತಿಗೆ ಸೋಮವಾರ ಬಿಡುವು ಐತಿ, ನನಗ ಯಾವ ವಾರ ಐತ್ರಿ ಮಾವಾ? ಸರೀರಿ, ನಾ ಹೂಡ್ತೀನಿ" ಎಂದಳು. ಈ ಮಾತಿಗೆ ನಮ್ಮ ಸಂಘದ ಹತ್ತು ವರ್ಷದ ಕರಪತ್ರಗಳನ್ನು ತೂಗಿದರೂ ಸಮವಾಗದು. ಮ್ಯಾನೇಜರ್ ಸಾಹೇಬರು, "ಲೇಡೀಸ್ ಲಾಸ್ಟ್, ಅಮ್ಮಾ" ಎಂದರು.

ಹೊಸ ವಾಹನ ಹತ್ತುವ ಮೊದಲು ನಿಂಬೆಹಣ್ಣನ್ನು ಗಾಲಿಯ ಕೆಳಗಿಡುವ ಪದ್ಧತಿ ತಮಗೆ ತಿಳಿದೇ ಇದೆ, ಇಲ್ಲವಾದರೆ ಈಗಂತೂ ತಿಳಿಯಿತು. ಬಂಡೆಮ್ಮನ ಗಂಡ ಸೂಗಪ್ಪ, ಬೇಗಂ ಬಜಾರಿನಲ್ಲಿ ಆರಿಸಿ ತಂದ ರಸಭರಿತ ನಿಂಬೆ ಹಿಡಿದು, ತಮ್ಮನ್ನು ಮೂರು ಸುತ್ತು ಹಾಕಿ ಗಾಲಿ ಹುಡುಕಿದ. ಗಾಲಿ ಸಿಗಲಿಲ್ಲ. ಕಾಲ ಹತ್ತಿರ ಇರುವುದು ಇದೊಂದೇ ಎಂದು ಭಕ್ತಿಯಿಂದ ತಮ್ಮ ಬ್ರೇಕಿನ ಕೆಳಗಿಟ್ಟ. ಹಣೆಗೆ ವಿಭೂತಿ ಬೇಕಲ್ಲ, ಅದು ಪರದೆಗೆ ಹತ್ತಿತು. ಆಮೇಲೆ ತಾನೇ ಮೊದಲು ಹತ್ತಿ ಕೀಲಿ ತಿರುಗಿಸಿದ.

ಆಹಾ, ಏನು ವೇಗ ಮಾನ್ಯರೇ! ಬದುವೇ ಇಲ್ಲದ ಆ ಕೆನಡಾ ಹೊಲದಲ್ಲಿ ತಾವು ಹಾರಿದ ಪರಿ! "ಬದು ಇಲ್ಲಂದ್ರ ಬಾಜೂಕಿನವರ ಕೂಡ ಜಗಳ ಹೆಂಗ ಮಾಡ್ತಾರ್ರಿ ಇವ್ರು?" ಎಂದು ಬೂದೆಪ್ಪ ಕೇಳುವಷ್ಟರಲ್ಲಿ ಬೇಲಿ ಮುರಿದಿತ್ತು. ಸೂಗಪ್ಪ ಬ್ರೇಕ್ ತುಳಿದ, ನಿಂಬೆ ತುಳಿಸಿಕೊಳ್ಳಲಿಲ್ಲ. ದನದ ಕೊಟ್ಟಿಗೆ ಹೋಯಿತು, ಯಾರದೋ ಮನೆಯ ಬಣ್ಣದ ಬಾಗಿಲು ಹೋಯಿತು, ಒಣಹಾಕಿದ್ದ ಬಟ್ಟೆಯೊಂದು ಪರದೆಗೆ ಅಡ್ಡ ಸಿಕ್ಕಿ ತಮ್ಮ ಜೊತೆಗೇ ಬಂತು, ಕೊನೆಗೆ ಕೆರೆ ಬಂತು. "ಅಯ್ಯಯ್ಯೋ ಇಳೀರೋ, ಈಜು ಬರಂಗಿಲ್ಲ ನನಗ!" ಎಂದು ಸೂಗಪ್ಪ ಅಬಿಡ್ಸಿನ ಒಣ ನೆಲಕ್ಕೆ ಜಿಗಿದ. ತಾವು ಇಂಗ್ಲಿಷಿನಲ್ಲಿ ಏನೋ ಗುಟುರು ಹಾಕಿದಿರಿ. ದೇವರು ಮುನಿದನೆಂದು ಹೆದರಿ ಅವನು ತಮ್ಮ ತಲೆಯ ಮೇಲೆ ತೆಂಗಿನಕಾಯಿ ಒಡೆದ. ಕಾಯಿನೀರು ಒಳಗಿಳಿಯಿತು, ತಾವು ಕಣ್ಣುಮುಚ್ಚಿದಿರಿ. "ಅರೇ ಕ್ಯಾ ಕರ್ ದಿಯೇ ರೇ!" ಎಂದು ತೆಲುಗು ಬಿಟ್ಟು ಹಿಂದಿಗಿಳಿದ ಮ್ಯಾನೇಜರ್ ಸಾಹೇಬರ ಆಲಾಪ ಕೆಳಗಿನ ಪುಸ್ತಕದಂಗಡಿಯವರೆಗೂ ಕೇಳಿತಂತೆ. ಎಂಟೂ ಮಂದಿಗೆ ಒಂದೇ ಏಟಿಗೆ ನಾಪಾಸು ಬಿತ್ತು. ನಿಂಬೆ ಇಡದವಳಿಗೆ, ಕಾಯಿ ಒಡೆಯದವಳಿಗೆ, ಹೂಡುತ್ತೇನೆಂದು ನಿಂತವಳಿಗೆ ಕೂಡ.

ಏಳು ಗಂಡಸರ ಪರವಾಗಿ ನಾವು ಏನೂ ಕೇಳುವುದಿಲ್ಲ. ತಮ್ಮನ್ನು ಕೆರೆಗಿಳಿಸಿದವರು ಅವರಾಗಿಯೇ ಮೇಲೆ ಬರಲಿ. ಬಂಡೆಮ್ಮನ ಪಾಳಿ ಬಂಡೆಮ್ಮನಿಗೆ ಸಿಗಬೇಕು, ಅಷ್ಟೇ. ತಾವು ಒಣಗಿ ಮತ್ತೆ ಚಾಲೂ ಆಗಿದ್ದೀರೆಂದು ತಮ್ಮ ಕೋಣೆಯ ಕಸ ಗುಡಿಸುವ ನಮ್ಮ ಸುವರ್ಣಾ ನೋಡಿ ಬಂದು ಹೇಳಿದ್ದಾಳೆ. ಪಾಸಾದವರ ಹೆಸರುಗಳು ಕೆನಡಾಕ್ಕೆ ಹೋಗುವುದು ಶುಕ್ರವಾರ. ಬ್ಯಾಚ್ ಕ್ಲೋಜ್ ಆಗಿದೆ ಎಂದು ಸಾಹೇಬರು ಅನ್ನುತ್ತಾರೆ. ಬಾಗಿಲು ತೆರೆಯದೆಯೇ ಮುಚ್ಚಿತು ಅನ್ನುವುದನ್ನು ನಾವು ಇಷ್ಟು ವರ್ಷದ ಹೋರಾಟದಲ್ಲಿ ಬಹಳ ಕಡೆ ಕೇಳಿದ್ದೇವೆ, ಒಮ್ಮೆಯೂ ನಂಬಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ದಯಮಾಡಿ ತಾವೇ ಬಾಯಿಬಿಟ್ಟು, ಈ ಹೆಣ್ಣುಮಗಳು ನನ್ನನ್ನು ಮುಟ್ಟಿಯೇ ಇಲ್ಲ ಎಂದು ಸಾಕ್ಷಿ ನುಡಿಯಿರಿ. ಕನ್ನಡದಲ್ಲಿ ನುಡಿದರೆ ಉತ್ತಮ, ಹೇಗೂ ಅದು ಕೊಟ್ಟ ಮಾತು. ಅದಾಗದಿದ್ದರೆ, ಅವಳು ಕೂರುವವರೆಗೆ ಬೇರೆ ಯಾರು ಕೀಲಿ ತಿರುಗಿಸಿದರೂ ನೇರವಾಗಿ ಅದೇ ಕೆರೆಗೆ ಇಳಿಯಿರಿ. ದಿನವಿಡೀ ದುಡಿಯುವ, ಪಗಾರ ಕೇಳದ, ಪಿಎಫ್ ಇಲ್ಲದ ತಾವೂ ಕಾರ್ಮಿಕರೇ. ಕಾಯಿ ಒಡೆಸಿಕೊಂಡು ಎರಡು ದಿನ ಮಲಗಿದಿರಲ್ಲ, ಅದು ತಮ್ಮ ಜೀವಮಾನದ ಮೊದಲ ರಜೆ. ಕೊಟ್ಟವರು ನಮ್ಮವರು, ತಮ್ಮ ಮಾಲೀಕರಲ್ಲ. ಸಂಘದ ಸದಸ್ಯತ್ವ ತಮಗೆ ತೆರೆದಿದೆ.

ತಮ್ಮ ವಿಶ್ವಾಸಿಯೂ, ತಮ್ಮ ಮಾಲೀಕರಲ್ಲಿ ಎಳ್ಳಷ್ಟೂ ವಿಶ್ವಾಸವಿಲ್ಲದವಳೂ ಆದ,
ಸತ್ಯಭಾಮಾ
ಸಂಚಾಲಕಿ, ಕನ್ನಡ ಕಟ್ಟಡ ಕಾರ್ಮಿಕರ ಸಂಘ, ಲಿಂಗಂಪಲ್ಲಿ

ಮರೆತ ಮಾತು: ಮ್ಯಾನೇಜರ್ ಸಾಹೇಬರು ಕನ್ನಡದ ಕಾಗದ ಓದುವವರಲ್ಲವಾದ್ದರಿಂದ, ಇದನ್ನು ಅವರ ಮೆಟ್ಟಿಲ ಮೇಲೆಯೇ ಗಟ್ಟಿಯಾಗಿ ಓದಲಿದ್ದೇವೆ. ಸಂಘದ ಮುಂದಿನ ಸಭೆ ತಮ್ಮ ಕೋಣೆಯಲ್ಲೇ. ಅಧ್ಯಕ್ಷತೆ ಬಂಡೆಮ್ಮನದು. ಅಧ್ಯಕ್ಷರಿಗೆ ಬೇರೆ ಕುರ್ಚಿ ತರಿಸುವುದು ಬೇಡ, ತಮ್ಮ ಸೀಟು ಸಾಕು, ಕೀಲಿ ಹಚ್ಚಿಟ್ಟಿರಲಿ. ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.