ನಮ್ಮ ಮಾವನ ಬಾಯಿಲ್ಲದ ರೋಬೋ

ನಂಜನಗೂಡಿನಲ್ಲಿ ನಮ್ಮ ಸೋದರಮಾವನ ಎದುರು ಒಂದು ವಾಕ್ಯವನ್ನು ಪೂರ್ತಿ ಆಡಿ ಮುಗಿಸಿದವರು ಯಾರಾದರೂ ಇದ್ದರೆ ತಿಳಿಸಿ, ಅವರ ಕಾಲಿಗೆ ಬೀಳುತ್ತೇನೆ! ಮಾವನದು ರೇಡಿಯೋ ರಿಪೇರಿ ಅಂಗಡಿ. ಒಬ್ಬ ಗಿರಾಕಿ, ಮರೆತುಹೋದ ಛತ್ರಿ ಕೇಳಲು ಬಂದವನು, "ಸಾ, ನನ್ನ..." ಎಂದನಷ್ಟೆ. ರೇಡಿಯೋ ಏಕೆ ಕೆಡುತ್ತದೆ ಎಂಬ ಉಪನ್ಯಾಸ ಕೇಳಿಸಿಕೊಂಡು ಮಳೆಯಲ್ಲೇ ಹೋದ.

ತೊಂಬತ್ತರ ದಶಕದ ಕೊನೆಯ ಮಾತು. ಬೀದಿಯ ಮಕ್ಕಳೆಲ್ಲ ಟೀವಿಗೆ ಅಂಟಿಕೊಂಡಿವೆ ಎಂದು ಮಾವನಿಗೆ ಸಂಕಟ. ಅಂಗಡಿಯ ಜಗಲಿಯ ಮೇಲೆ ಕಥೆಪುಸ್ತಕ ಜೋಡಿಸಿ, ಗಟ್ಟಿಯಾಗಿ ಓದಿ ಎಂದರು. ಮಗು "ಒಂದಾನೊಂದು" ಎನ್ನುವಷ್ಟರಲ್ಲಿ ಇವರೇ ರಾಕ್ಷಸನನ್ನು ಕೊಂದು ರಾಜಕುಮಾರಿಯ ಮದುವೆ ಮಾಡಿಬಿಡುತ್ತಿದ್ದರು. ಇನ್ನು ಓದುವುದಕ್ಕೆ ಉಳಿದದ್ದೇನು? ವಾರದೊಳಗೆ ಜಗಲಿ ಖಾಲಿ.

"ಬಾಯಿಲ್ದೋರು ಯಾರಾದ್ರೂ ಕೂತಿದ್ರೆ ಮಕ್ಳು ಓದ್ತಿದ್ವು ಕಣ್ರೀ," ಎಂದರು ಅತ್ತೆ.

ಅವರು ಕುಟುಕಿದ್ದು, ಮಾವ ಅದನ್ನು ಸಲಹೆ ಎಂದುಕೊಂಡರು! ಎಣ್ಣೆಡಬ್ಬದ ಹೊಟ್ಟೆ, ಅಲ್ಯೂಮಿನಿಯಂ ಪಾತ್ರೆಯ ತಲೆ, ಸ್ಕೂಟರ್ ಇಂಡಿಕೇಟರಿನ ಕಣ್ಣು, ದನಿ ಕೇಳಿದರೆ ತಲೆಯಾಡಿಸಲು ಒಳಗೊಂದು ಮೈಕು. ಬಾಯಿ ಮಾತ್ರ ಇಲ್ಲ. ರೋಬೋ ಸಿದ್ಧವಾಯಿತು. ಆದರೆ ಕತ್ತಿಗೆ ಹಾಕಿದ್ದು ಗುಜರಿ ಬಸ್ಸಿನ ವೈಪರ್ ಮೋಟಾರು. ಅದಕ್ಕೆ ಗೊತ್ತಿದ್ದುದು ಅಡ್ಡಡ್ಡ ಆಡುವುದೊಂದೇ. ಏನೇ ಓದಿದರೂ ರೋಬೋ ಊಹೂಂ ಎನ್ನುತ್ತಿತ್ತು. ತಪ್ಪಾಯಿತೇನೋ ಎಂದು ಮಕ್ಕಳು ಪಾಪ, ಮತ್ತೆ ಮೊದಲಿನಿಂದ ಓದುತ್ತಿದ್ದವು. ಓದೇನೋ ಸುಧಾರಿಸಿತು, ಆದರೆ ಒಬ್ಬಳು ಸಿಟ್ಟಿಗೆದ್ದು ರೋಬೋಗೆ ಚಪ್ಪಲಿ ತೋರಿಸಿದಳು. ಮಾವ ಮೋಟಾರು ತಿರುಗಿಸಿ ಕೂರಿಸಿ, ಹೂಂ ಎನ್ನುವಂತೆ ಮಾಡಿದರು. ಕತ್ತಿನ ಬೆಸುಗೆ ಸಡಿಲವಾದದ್ದು ಆಗಲೇ.

ಅದೇ ಹೊತ್ತಿಗೆ ಹೆಮ್ಮರಗಾಲದಿಂದ ನಮ್ಮಕ್ಕ ಮಗಳು ಗೌರಿಯನ್ನು ಕರೆತಂದಳು. ಮಗುವಿಗೆ ಉಗ್ಗು. ಓದಲು ನಿಂತರೆ ಕ್ಲಾಸೆಲ್ಲ ನಗುತ್ತದೆ, ಇನ್ನು ಸ್ಕೂಲಿಗೇ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳು. ಅಂಥವಳನ್ನು ಮಾವನ ಜಗಲಿಯಲ್ಲಿ ಕೂರಿಸುವುದೇ? ಬೆಕ್ಕಿನ ಮುಂದೆ ಹಾಲಿಟ್ಟು ಕಾಯಿ ಎಂದಂತಾಯಿತು ಎಂದುಕೊಂಡೆ.

ಗೌರಿ ತಡವರಿಸುತ್ತ ನರಿಯ ಕಥೆ ಶುರುಮಾಡಿದಳು. ರೋಬೋ ಹೂಂ ಎಂದಿತು. ಇನ್ನೊಂದು ಹೂಂ ಎನ್ನುವಾಗ ಕತ್ತು ಕಳಚಿ, ತಲೆ ಧೊಪ್ಪನೆ ಅವಳ ಮಡಿಲಿಗೆ ಬಿತ್ತು! ಮಾವ ಸ್ಕ್ರೂಡ್ರೈವರ್ ಹಿಡಿದು ಓಡಿಬಂದರು.

ಗೌರಿ ತಲೆಯನ್ನು ತಬ್ಬಿಕೊಂಡಳು. "ಬೇ... ಬೇಡ ತಾತ. ಮ... ಮಲಗ್ಕೊಂಡೇ ಕೇಳ್ಲಿ."

ಓದು ಮುಂದುವರಿಯಿತು. ಮೊಸಳೆ ಎಂಬಲ್ಲಿ ಸಿಕ್ಕಿಕೊಂಡಳು. ಮಾವನ ತುಟಿ ಅದುರಿತು. ಕೆಟ್ಟಿತು ಎಂದುಕೊಂಡೆ. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅವಳೆದುರು ಕುಕ್ಕರಿಸಿದರು. ಗಿರಾಕಿ ಕೂಗಿದರೂ ತಿರುಗಲಿಲ್ಲ. ಮೊಸಳೆ ಬರುವವರೆಗೆ ಕಾದರು. ಕಥೆ ಮುಗಿಯುವವರೆಗೂ ಕಾದರು.

"ಸೋ... ಸೋಮ್ವಾರ ಸ್ಕೂಲ್ಗೆ ಓ... ಓಗ್ತೀನಿ ತಾತ," ಎಂದಳು ಗೌರಿ.

ಆ ಮಾತೂ ಪೂರ್ತಿ ಮುಗಿಯಲು ಬಿಟ್ಟು, ಮಾವ ಬಾಯಿ ಮುಚ್ಚಿಕೊಂಡೇ, ಕಣ್ಣಲ್ಲಿ ನೀರು ತುಂಬಿಕೊಂಡು, ಹೂಂ ಎಂದು ತಲೆಯಾಡಿಸಿದರು.